ಹೇರು ಎಲ್ಲಿರಬೇಕು?

ರಜೆ ಬಂದಿತೆಂದರೆ ಮೋಟಾರು ಸೈಕಲ್ಲಿಗೆ ಗುಡಾರವನ್ನು ಕಟ್ಟಿಕೊಂಡು ಮಲೆನಾಡಿನತ್ತ ಹೊರಡುವ ಉತ್ಸಾಹ ಇಂದಿನ ತರುಣರಲ್ಲಿ ಬಹಳವಾಗಿದೆ. ಇದು ಮೆಚ್ಚತಕ್ಕ ಮಾತೇ. ಆದರೆ ಸಾಮಾನಿಗಾಗಿ ಚೀಲವನ್ನೋ ಪೆಟ್ಟಿಗೆಯನ್ನೋ ಕೊಳ್ಳುವಾಗ ಅವರು ಕೇಳುವ ಮೊದಲ ಪ್ರಶ್ನೆ, "ಇದು ಎಷ್ಟು ಲೀಟರಿನದು?" ಎಂಬುದು. "ಇದರ ಭಾರ ವಾಹನದಲ್ಲಿ ಎಲ್ಲಿ ಕೂಡುತ್ತದೆ?" ಎಂಬುದೇ ಮೊದಲು ಕೇಳತಕ್ಕ ಪ್ರಶ್ನೆಯೆಂದು ನನ್ನ ಅಭಿಪ್ರಾಯ.

ಒಂದು ಸುಲಭವಾದ ಲೆಕ್ಕವನ್ನು ನೋಡೋಣ. ಎರಡು ಚಕ್ರಗಳ ಅಚ್ಚುಗಳ ನಡುವೆ 150 ಸೆಂಟಿಮೀಟರ್ ಅಂತರವಿರಲಿ. 20 ಕಿಲೋಗ್ರಾಂ ತೂಕದ ಪೆಟ್ಟಿಗೆಯೊಂದು ಹಿಂದಿನ ಅಚ್ಚಿಗಿಂತ 30 ಸೆಂಟಿಮೀಟರ್ ಹಿಂದೆ ಕುಳಿತಿರಲಿ. ಇಲ್ಲಿ ವಾಹನವೇ ಸನ್ನೆಗೋಲು, ಹಿಂದಿನ ಅಚ್ಚೇ ಅದರ ಆನಿಕೆ. 20ನ್ನು 30ರಿಂದ ಗುಣಿಸಿ 150ರಿಂದ ಭಾಗಿಸಿದರೆ 4 ಬರುತ್ತದೆ. ಎಂದರೆ, ಮುಂದಿನ ಚಕ್ರದ ಭಾರ 4 ಕಿಲೋಗ್ರಾಂ ಇಳಿಯುತ್ತದೆ. ಹಿಂದಿನದರ ಭಾರ 24 ಏರುತ್ತದೆ. ಅದೇ ಹೇರು ಅಚ್ಚಿಗಿಂತ ಅಷ್ಟೇ ಮುಂದೆ ಇದ್ದರೆ ಮುಂದಿನ ಚಕ್ರಕ್ಕೆ 4, ಹಿಂದಿನದಕ್ಕೆ 16 ಸೇರುತ್ತದೆ. ತೂಕ ಒಂದೇ, ಫಲ ಬೇರೆ! ವಾಹನಕ್ಕೆ ದಿಕ್ಕು ಕೊಡುವುದು ಮುಂದಿನ ಚಕ್ರ. ನಿಲ್ಲಿಸುವ ಕೆಲಸದಲ್ಲಿಯೂ ಹೆಚ್ಚಿನ ಪಾಲು ಅದರದೇ. 14 ಕಡಿದಾದ ತಿರುವುಗಳುಳ್ಳ ಆಗುಂಬೆಯ ಘಾಟಿಯನ್ನು ಮಳೆಯಲ್ಲಿ ಏರುವವನಿಗೆ ಆ ಚಕ್ರದ ಹಿಡಿತಕ್ಕಿಂತ ಮಿಗಿಲಾದುದು ಯಾವುದುಂಟು?

ಹಿಂದೆ ಘಟ್ಟವನ್ನು ಹತ್ತಿಳಿಯುತ್ತಿದ್ದ ವರ್ತಕರು ಈ ಮರ್ಮವನ್ನು ಬಲ್ಲವರಾಗಿದ್ದರು. ಹೇರೆತ್ತಿನ ಬೆನ್ನ ಮೇಲೆ ಅವರು ಹಾಕುತ್ತಿದ್ದುದು ಇಕ್ಕೆಲಕ್ಕೂ ಸಮನಾಗಿ ಇಳಿಬಿದ್ದ ಹಸುಬೆಯನ್ನು. ಇಂದಿನ ಸವಾರನಿಗೂ ಅದೇ ಮಾದರಿ ಸಾಕು: ಎರಡು ಪಕ್ಕಗಳಲ್ಲಿ ಸಮತೂಕದ ಮೆತ್ತನೆಯ ಚೀಲಗಳು, ಭಾರವಾದ ವಸ್ತುಗಳು ಅವುಗಳ ತಳದಲ್ಲಿ, ಹಗುರವಾದ ಹಾಸಿಗೆ ಹಿಂಬದಿಯ ಆಸನದ ಮೇಲೆ. ಗುರುತ್ವಕೇಂದ್ರ ಕೆಳಗಿದ್ದಷ್ಟೂ ವಾಲಿದ ವಾಹನವನ್ನು ಕಾಲೂರಿ ಹಿಡಿಯುವುದು ಸುಲಭ.

ಗಟ್ಟಿ ಪೆಟ್ಟಿಗೆಗೆ ಬೀಗವುಂಟು, ಮಳೆಯ ಭಯವಿಲ್ಲ ಎನ್ನುವರು. ಬೀಗದ ಅನುಕೂಲವನ್ನು ಒಪ್ಪೋಣ. ಆದರೆ ಬಾಯಿ ಸುರುಳಿ ಸುತ್ತುವ ಜಲನಿರೋಧಕ ಚೀಲವೂ ಮಳೆಯನ್ನು ತಡೆಯುತ್ತದೆ. ಬರಿಯ ಪೆಟ್ಟಿಗೆಯೋ, ಏನನ್ನೂ ತುಂಬುವ ಮೊದಲೇ ಒಂದು ಹೇರು! ಚೀಲವನ್ನು ಆರಿಸುವವರು ಅದು ಬಿಸಿಯಾದ ಸೈಲೆನ್ಸರಿಗೆ ತಾಗದಂತೆಯೂ, ಕಟ್ಟಿದ ಪಟ್ಟಿ ಸಡಿಲಿ ಚಕ್ರಕ್ಕೆ ಸಿಕ್ಕದಂತೆಯೂ ನೋಡಿಕೊಳ್ಳಬೇಕು. ಕೊಕ್ಕೆಯುಳ್ಳ ರಬ್ಬರು ಹಗ್ಗಕ್ಕಿಂತ ಬಕಲ್ ಪಟ್ಟಿ ಲೇಸು. ಹಿಗ್ಗಿಸಿದ ರಬ್ಬರಿನಲ್ಲಿ ಶಕ್ತಿ ಸಂಚಯವಾಗಿರುತ್ತದೆ. ಕೊಕ್ಕೆ ಜಾರಿದರೆ ಕಣ್ಣಿಗೇ ಅಪಾಯ.

ಹೊರಡುವ ಮುನ್ನ ಎಲ್ಲವನ್ನೂ ಹೇರಿಕೊಂಡು ಊರಿನ ಬಯಲಿನಲ್ಲಿ ನಾಲ್ಕು ಸಲ ತಿರುಗಿ, ಬ್ರೇಕು ಹಾಕಿ ನೋಡಿರಿ. ತರಗತಿಯಲ್ಲಿ ಕಲಿತ ಸನ್ನೆಯ ನಿಯಮ ಪರೀಕ್ಷೆಯೊಂದಕ್ಕೇ ಮೀಸಲಲ್ಲ.