ಜಾಕ್ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ

ಕಳೆದ ಮುಂಗಾರಿನಲ್ಲಿ ಭತ್ತದ ನಾಟಿ ನೋಡಲೆಂದು ಕಂಪ್ಲಿ ಕಡೆಯ ಊರೊಂದಕ್ಕೆ ಹೋಗಿದ್ದೆ. ಕಾಲುವೆಯ ಏರಿಯ ಮೇಲೆ ಒಂದು ಟ್ರ್ಯಾಕ್ಟರ್ ನಿಂತಿತ್ತು. ರೋಟವೇಟರನ್ನು ಹೈಡ್ರಾಲಿಕ್ಕಿನಿಂದ ಮೇಲೆತ್ತಿ, ಅದರ ಕೆಳಗೆ ಅಂಗಾತ ಮಲಗಿ ಯುವಕನೊಬ್ಬ ಸವೆದ ಬ್ಲೇಡುಗಳನ್ನು ಬಿಚ್ಚುತ್ತಿದ್ದ. ಒಂದು ತುಂಡು ಕಟ್ಟಿಗೆಯ ಆಸರೆಯೂ ಇರಲಿಲ್ಲ. ಸೀಟಿನ ಮೇಲೆ ಆತನ ಐದಾರು ವರ್ಷದ ಮಗ ಸ್ಟೀರಿಂಗ್ ತಿರುಗಿಸುತ್ತ ಆಡುತ್ತಿದ್ದ. ಹೈಡ್ರಾಲಿಕ್ ಲಿವರ್ ಅವನ ಕೈಗೆ ಎಟಕುವಂತಿತ್ತು. ಮೊದಲು ಮಗುವನ್ನು ಇಳಿಸಿಕೊಂಡೆ, ಆಮೇಲೆ ಮಾತನಾಡಿದೆ. "ದಿನಾ ಮಾಡೋ ಕೆಲಸರೀ ಸರ್, ಏನಾಗ್ತೈತಿ?" ಎಂದ ಆತ.

ಏನಾಗುತ್ತದೆ? ಎಂಜಿನ್ ನಿಲ್ಲಿಸಿದ್ದರೂ ಲಿವರ್ ಕೆಳಗೆ ಒತ್ತಿದರೆ ಸಾಕು, ರೋಟವೇಟರ್ ತನ್ನ ಭಾರಕ್ಕೇ ಇಳಿಯುತ್ತದೆ. ತಂದೆಯ ಎದೆಯ ಮೇಲೆ.

೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳಲ್ಲಿ ನೀರು ಹರಿಯತೊಡಗಿದ ಮೇಲೆ ನಮ್ಮ ಭಾಗದ ಬೇಸಾಯವೇ ಬದಲಾಯಿತು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಈಗ ಮನೆಮುಂದೆ ಕಾರು, ಗೂಡ್ಸ್ ಆಟೋಗಳೂ ನಿಂತಿವೆ. ಬೀಜ, ಗೊಬ್ಬರ, ಔಷಧಿಯ ಬಗ್ಗೆ ನಮ್ಮಂಥ ವಿಸ್ತರಣಾ ಕಾರ್ಯಕರ್ತರು ಊರೂರು ತಿರುಗಿ ಹೇಳಿದೆವು. ಯಂತ್ರದ ಕೆಳಗೆ ಹೋಗುವಾಗ ಜೀವ ಉಳಿಸಿಕೊಳ್ಳುವುದು ಹೇಗೆಂದು ಹೇಳಲಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಜಾಕ್ ಇರುವುದು ಭಾರವನ್ನು ಎತ್ತಲು ಮಾತ್ರ. ಎಣ್ಣೆ ಜಾಕಿನ ಒಳಗಿನ ಸೀಲು ಒಡೆದರೆ ಅದು ಕ್ಷಣದಲ್ಲಿ ಕುಸಿಯುತ್ತದೆ. ಸ್ಕ್ರೂ ಜಾಕ್ ಕುಸಿಯದಿದ್ದರೂ ವಾಹನ ಸ್ವಲ್ಪ ಉರುಳಿದರೆ ವಾಲಿ ಬೀಳುತ್ತದೆ. ಕಾರಿನೊಂದಿಗೆ ಬರುವ ಜಾಕ್ ಗಾಲಿ ಬದಲಿಸಲು ಸಾಕು; ಅದನ್ನು ನಂಬಿ ಕೆಳಗೆ ನುಸುಳಬಾರದು. ಎತ್ತಿದ ಭಾರವನ್ನು ಹೊರಬೇಕಾದದ್ದು ಅಚ್ಚಿನ ಅಥವಾ ಚಾಸಿಯ ಕೆಳಗೆ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು.

ನಮ್ಮ ಕಡೆ ಕಲ್ಲಿಗೆ ಬರವಿಲ್ಲ. ಆದ್ದರಿಂದ ಸ್ಟ್ಯಾಂಡಿನ ಬದಲು ಕಲ್ಲು ಕೊಡುವುದು ರೂಢಿ. ಹಂಪಿಯ ಬಂಡೆಗಳು ಒಂದರ ಮೇಲೊಂದು ನಿಂತಿಲ್ಲವೇ ಎಂದು ಕೇಳುವವರಿದ್ದಾರೆ. ನಿಂತಿವೆ, ಆದರೆ ಅವುಗಳ ಕೆಳಗೆ ಯಾರೂ ಪಾನ ಹಾಕಿ ನಟ್ಟು ಜಗ್ಗುವುದಿಲ್ಲ! ಕಬ್ಬಿಣದ ಅಚ್ಚು ಕಲ್ಲಿನ ಮೇಲೆ ಜಾರುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ. ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿ ಮರದ ದಪ್ಪ ತುಂಡುಗಳನ್ನು ಎರಡು ಉದ್ದಕ್ಕೆ, ಎರಡು ಅಡ್ಡಕ್ಕೆ ಪೇರಿಸಬಹುದು. ಅಟ್ಟಿಯ ಎತ್ತರ ಅದರ ಬುಡದ ಅಗಲವನ್ನು ಮೀರಬಾರದು.

ಕೆಲಸದ ಕ್ರಮ ಹೀಗಿರಲಿ. ವಾಹನವನ್ನು ಸಮತಟ್ಟಾದ ಗಟ್ಟಿ ನೆಲಕ್ಕೆ ತನ್ನಿ. ಸಂಡೂರು ಕಡೆಯ ಇಳಿಜಾರಿನ ಹೊಲದಲ್ಲಾಗಲಿ, ನೀರುಂಡ ಎರೆಭೂಮಿಯಲ್ಲಾಗಲಿ ಎತ್ತಬೇಡಿ. ಜಾಕಿನ ಕೆಳಗೆ ದಪ್ಪ ಹಲಗೆ ಇಡಿ. ಟ್ರೇಲರಿನಲ್ಲಿ ಕಬ್ಬಾಗಲಿ ಬಾಳೆಯಾಗಲಿ ಇದ್ದರೆ ಮೊದಲು ಇಳಿಸಿ. ನೆಲದ ಮೇಲೆ ಉಳಿಯುವ ಗಾಲಿಗಳಿಗೆ ಹಿಂದೆ ಮುಂದೆ ಮರದ ಅಡ್ಡೆ ಕೊಡಿ. ಹಂಪಿಯ ತೇರನ್ನು ತಡೆಯಲು ಗಾಲಿಗೆ ಮರ ಕೊಡುವುದನ್ನು ನೋಡಿದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಗಾಲಿ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಸ್ಟ್ಯಾಂಡ್ ಇಟ್ಟು ಭಾರವನ್ನು ನಿಧಾನವಾಗಿ ಅದರ ಮೇಲೆ ಇಳಿಸಿ. ಪಕ್ಕದಲ್ಲಿ ನಿಂತು ವಾಹನವನ್ನು ಅಲುಗಾಡಿಸಿ ನೋಡಿ. ಬಿಚ್ಚಿದ ಗಾಲಿಯನ್ನು ಚಾಸಿಯ ಕೆಳಗೆ ತಳ್ಳಿಡಿ. ಸ್ಟ್ಯಾಂಡ್ ಜಾರಿದರೂ ಅದು ಸ್ವಲ್ಪ ಜಾಗ ಉಳಿಸೀತು.

ಟ್ರ್ಯಾಕ್ಟರಿನದು ಇನ್ನೂ ಎರಡು ಸೂಕ್ಷ್ಮ. ಕೇಜ್ ವೀಲ್ ಹಾಕಲು ಹಿಂದಿನ ಒಂದು ಗಾಲಿ ಎತ್ತಿದಾಗ "ಗೇರಿನಲ್ಲಿದೆ, ಉರುಳುವುದಿಲ್ಲ" ಎಂಬ ಧೈರ್ಯ ಸಲ್ಲದು. ಡಿಫರೆನ್ಷಿಯಲ್‌ನಿಂದಾಗಿ ಎತ್ತಿದ ಗಾಲಿ ಒಂದು ಕಡೆ ತಿರುಗಿದರೆ ನೆಲದ ಗಾಲಿ ಇನ್ನೊಂದು ಕಡೆ ಉರುಳಬಲ್ಲದು. ಎರಡನೆಯದು, ಮುಂದಿನ ಅಚ್ಚು ನಡುವಿನ ಒಂದೇ ಪಿನ್ನಿನ ಮೇಲೆ ತೂಗಾಡುವಂಥದು. ಅದರ ಎರಡೂ ಪಕ್ಕ ಗಟ್ಟಿ ಮರದ ಬೆಣೆ ಬಡಿಯದಿದ್ದರೆ ಟ್ರ್ಯಾಕ್ಟರ್ ಮಗ್ಗುಲಿಗೆ ವಾಲುತ್ತದೆ. ಸುಮಾರು ಎರಡು ಟನ್ ಭಾರದ ಈ ಯಂತ್ರಕ್ಕೆ ಕಾರಿನ ಸ್ಟ್ಯಾಂಡು ಸಾಲದು. ಎತ್ತಿದ ರೋಟವೇಟರ್, ಟಿಪ್ಪರ್ ಟ್ರೇಲರಿನ ತೊಟ್ಟಿ ಇವಕ್ಕೂ ಆಸರೆ ಕೊಟ್ಟೇ ಕೆಳಗೆ ಹೋಗಬೇಕು. ಎಂಜಿನ್ ಆರಿಸಿ, ಕೀಲಿ ಕೈ ನಿಮ್ಮ ಜೇಬಿನಲ್ಲಿರಲಿ. ಮಕ್ಕಳು ದೂರವಿರಲಿ, ದೊಡ್ಡವರೊಬ್ಬರು ಹತ್ತಿರವಿರಲಿ.

ಖರ್ಚಿನ ಮಾತು ಬರುತ್ತದೆ. ಒಂದು ಜೊತೆ ಸ್ಟ್ಯಾಂಡಿನ ಬೆಲೆ ಟ್ರ್ಯಾಕ್ಟರಿನ ಒಂದು ಹೊಸ ಹಿಂಟಯರಿನ ಬೆಲೆಯ ಮುಂದೆ ಏನೂ ಅಲ್ಲ. ಅದೂ ಭಾರವೆನಿಸಿದರೆ ಊರಿನ ಸಹಕಾರ ಸಂಘ ಎರಡು ಜೊತೆ ತಂದಿಟ್ಟು ಎರವಲು ಕೊಡಲಿ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರಗಳೂ ಇದನ್ನು ಮಾಡಬಹುದು. ಟ್ರ್ಯಾಕ್ಟರ್ ಮಾರುವವರು ಹೂವಿನ ಹಾರದ ಜೊತೆ ಇದನ್ನೂ ಕೊಟ್ಟರೆ ನಿಜವಾದ ಉಪಕಾರವಾದೀತು.

ನಮ್ಮ ಹಿರಿಯರು ಎತ್ತಿನ ಗಾಡಿಯ ಗಾಲಿ ಕಳಚುವ ಮುನ್ನ ಅಚ್ಚಿನ ಕೆಳಗೆ ದಪ್ಪ ಕೊರಡು ನಿಲ್ಲಿಸುತ್ತಿದ್ದರು. ಗಾಡಿ ಹಗುರವಿತ್ತು, ಆದರೂ ಎಚ್ಚರವಿತ್ತು. ನಮ್ಮದು ಭಾರದ ಯಂತ್ರ, ಎಚ್ಚರ ಮಾತ್ರ ಹಗುರವಾಗಿದೆ. ಆಯುಧಪೂಜೆಯ ದಿನ ಟ್ರ್ಯಾಕ್ಟರಿಗೆ ಕುಂಬಳಕಾಯಿ ಒಡೆದು ಕೈಮುಗಿಯುವ ರೈತಬಾಂಧವರು ಈ ವರ್ಷ ಆ ಪೂಜೆಯ ಸಾಲಿನಲ್ಲಿ ಒಂದು ಜೊತೆ ಸ್ಟ್ಯಾಂಡನ್ನೂ ಇಡಲಿ.