ಯಾರ ಹೆಸರಿಗೆ ಎಷ್ಟು ಕ್ಷಣ?

ಕಬ್ಬಿನ ಹಂಗಾಮು ಬಂದಿತೆಂದರೆ ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಡದ ಊರುಗಳಲ್ಲಿ ಹಗಲು ಇರುಳಿನ ಭೇದವಿರುವುದಿಲ್ಲ. ಅಥಣಿ, ರಾಯಬಾಗ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿಗಳ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳೂ ಚಕ್ಕಡಿಗಳೂ ಸಾಲುಗಟ್ಟಿ ಕಾರ್ಖಾನೆಗಳತ್ತ ಸಾಗುತ್ತವೆ. 1939ರಲ್ಲಿ ಸ್ಥಾಪನೆಗೊಂಡ ಉಗಾರ ಖುರ್ದದ ಸಕ್ಕರೆ ಕಂಪನಿಯೇ ಆಗಲಿ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಸಹಕಾರಿ ಕಾರ್ಖಾನೆಯೇ ಆಗಲಿ, ಕಬ್ಬು ಮೊದಲು ಏರಬೇಕಾದುದು ತೂಕದ ಕಾಟಾವನ್ನು. ತುಂಬಿದ ಗಾಡಿಯ ತೂಕ ಒಂದು, ಕಬ್ಬು ಇಳಿಸಿದ ಮೇಲೆ ಬರಿಗಾಡಿಯ ತೂಕ ಇನ್ನೊಂದು. ಇವೆರಡರ ಅಂತರವೇ ರೈತನ ಗಳಿಕೆ. ಆ ಚೀಟಿಯನ್ನು ಅವನು ಮಡಿಸಿ ಜೇಬಿನಲ್ಲಿ ಇಟ್ಟುಕೊಳ್ಳುವ ಜೋಪಾನವನ್ನು ಕಂಡವರಿಗೆ ಲೆಕ್ಕದ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ. ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ವಿಧಿಸಿದೆ. ಚೀಟಿಯಲ್ಲಿ ಹೆಸರು ತಪ್ಪಿದರೆ ಆ ಹಣ ಯಾರ ಖಾತೆಗೆ ಹೋದೀತು? ಆದುದರಿಂದ ಚೀಟಿಗಳ ಮೊತ್ತವನ್ನೂ ಅರೆದ ಕಬ್ಬಿನ ಮೊತ್ತವನ್ನೂ ಅಂದಂದೇ ತಾಳೆ ನೋಡುವುದು ಜಾಣತನ.

ಇಂಥದೇ ಕಾಟಾ ಒಂದು ಯಂತ್ರದ ಒಳಗೂ ಇದೆ. ಅದರ ಮೇಲೆ ತೂಗುವುದು ಕಬ್ಬನ್ನಲ್ಲ, ಕಾಲವನ್ನು. ಈ ಭಾಗದ ಎಷ್ಟೋ ಮನೆಗಳ ಮಕ್ಕಳು ಇಂದು ಪುಣೆಯಲ್ಲಿ, ಬೆಂಗಳೂರಿನಲ್ಲಿ ಗಣಕಯಂತ್ರದ ಕಚೇರಿಗಳಲ್ಲಿದ್ದಾರೆ. ಅವರಲ್ಲಿ ಕೆಲವರ ಕೆಲಸ, ದೂರದೇಶದ ಬ್ಯಾಂಕೊಂದರ ಅಥವಾ ವಿಮಾ ಕಂಪನಿಯೊಂದರ ಮೇನ್‌ಫ್ರೇಮ್ ಎಂಬ ಮಹಾಗಣಕವನ್ನು ಇಲ್ಲಿಂದಲೇ ನೋಡಿಕೊಳ್ಳುವುದು. ಮಗಳು ಏನು ಮಾಡುತ್ತಾಳೆಂದು ನೆರೆಯವರು ಕೇಳಿದಾಗ ತಾಯಿತಂದೆಗಳಿಗೆ ಉತ್ತರ ಹೊಳೆಯದೆ ಹೋಗುವುದುಂಟು. ಆ ಕೆಲಸಗಳಲ್ಲಿ ಒಂದನ್ನು ಮಾತ್ರ ನಿಪ್ಪಾಣಿಯ ತಂಬಾಕಿನ ಪೇಟೆಯ ಹಳೆಯ ಗುಮಾಸ್ತರೂ ಕ್ಷಣಾರ್ಧದಲ್ಲಿ ಗ್ರಹಿಸಬಲ್ಲರು. ಅದು ಮಹಾಗಣಕವನ್ನು ಯಾವ ವಿಭಾಗ ಎಷ್ಟು ಬಳಸಿತೆಂದು ದಿನದಿನವೂ ಕೀರ್ದಿ ಬರೆದು, ಪರಿಶೀಲಿಸಿ, ತಕ್ಕ ಬಾಡಿಗೆಯನ್ನು ಆಯಾ ವಿಭಾಗದ ಖಾತೆಗೆ ಖರ್ಚು ಹಾಕುವ ಕೆಲಸ.

ಗಣಕಯಂತ್ರ ಅಪರೂಪದ ವಸ್ತುವಾಗಿದ್ದ ಕಾಲದಲ್ಲಿ ಈ ಲೆಕ್ಕ ಸುಲಭವಾಗಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ 1964ರಲ್ಲಿ ಬಂದ ಸಿ.ಡಿ.ಸಿ. 3600 ಯಂತ್ರವನ್ನು ಹೊರಗಿನ ಸಂಸ್ಥೆಗಳೂ ಬಳಸುತ್ತಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರಲ್ಲಿ ಗಣಕ ಕೇಂದ್ರ ಆರಂಭವಾದಾಗ ಅಲ್ಲಿದ್ದ ಐ.ಬಿ.ಎಂ. 360/44 ಯಂತ್ರವೂ ಎಲ್ಲ ವಿಭಾಗಗಳಿಗೆ ಸೇರಿದ್ದು. ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವ ಯಂತ್ರವಾದರೆ ಗೋಡೆಯ ಗಡಿಯಾರವೇ ಸಾಕು. ಬಂದ ಹೊತ್ತು, ಹೋದ ಹೊತ್ತು ಬರೆದಿಟ್ಟರೆ ಲೆಕ್ಕ ಮುಗಿಯಿತು. ಆದರೆ ಯಂತ್ರವು ಒಬ್ಬನ ಕೆಲಸವನ್ನು ಕ್ಷಣದ ತುಣುಕು ಮಾಡಿ ನಿಲ್ಲಿಸಿ, ಇನ್ನೊಬ್ಬನದನ್ನು ಎತ್ತಿಕೊಂಡು, ಮತ್ತೆ ಮೊದಲಿನವನ ಬಳಿಗೆ ಮರಳುವ ವಿದ್ಯೆಯನ್ನು ಕಲಿತ ಮೇಲೆ ಗೋಡೆಯ ಗಡಿಯಾರ ನಿರುಪಯೋಗಿಯಾಯಿತು. ನೂರು ಜನರು ಒಂದೇ ಗಾಡಿಯಲ್ಲಿ ಕಬ್ಬು ಬೆರೆಸಿ ತಂದಂತೆ!

ಈ ತೊಡಕಿಗಾಗಿಯೇ ಐ.ಬಿ.ಎಂ. ಕಂಪನಿಯು 1960ರ ದಶಕದ ಕೊನೆಗೆ ತನ್ನ ಯಂತ್ರಗಳಲ್ಲಿ ಎಸ್.ಎಂ.ಎಫ್. ಎಂಬ ದಾಖಲೆಯ ಏರ್ಪಾಡನ್ನು ಸೇರಿಸಿತು. ಅದು ಇಂದಿಗೂ ಬಳಕೆಯಲ್ಲಿದೆ. ಯಂತ್ರದೊಳಗೆ ನಡೆಯುವ ಪ್ರತಿಯೊಂದು ಕೆಲಸಕ್ಕೂ ಅದು ಚೀಟಿ ಬರೆಯುತ್ತದೆ. ಕೆಲಸದ ಹೆಸರೇನು, ಯಾರ ಲೆಕ್ಕದ ಸಂಖ್ಯೆ, ಎಷ್ಟು ಹೊತ್ತಿಗೆ ಆರಂಭ, ಎಷ್ಟು ಹೊತ್ತಿಗೆ ಮುಕ್ತಾಯ, ಯಂತ್ರದ ಮೆದುಳು ಅದಕ್ಕಾಗಿ ಸೆಕೆಂಡಿನ ಎಷ್ಟು ನೂರರ ಪಾಲುಗಳನ್ನು ವ್ಯಯಿಸಿತು, ಸಂಗ್ರಹದಿಂದ ಎಷ್ಟು ಬಾರಿ ಓದಿ ಬರೆಯಿತು, ಹೀಗೆ. ಚೀಟಿಗಳಲ್ಲಿ ಅನೇಕ ಬಗೆಗಳಿದ್ದು, ಪ್ರತಿಯೊಂದು ಬಗೆಗೂ ಒಂದು ಸಂಖ್ಯೆಯಿದೆ. ಬಾಡಿಗೆ ಲೆಕ್ಕದವರಿಗೆ ಪ್ರಾಣಪ್ರಿಯವಾದದ್ದು 30ನೆಯ ಬಗೆ.

ಚೀಟಿ ಯಂತ್ರವೇ ಬರೆದದ್ದಲ್ಲವೆ, ಅದರಲ್ಲಿ ತಪ್ಪೆಲ್ಲಿಂದ ಬಂದೀತು ಎಂದು ವಾಚಕರು ಕೇಳಬಹುದು. ಚೀಟಿ ಸಾಮಾನ್ಯವಾಗಿ ಸುಳ್ಳು ಹೇಳುವುದಿಲ್ಲ. ಚೀಟಿಗಳನ್ನು ಒಟ್ಟುಗೂಡಿಸುವಲ್ಲಿ ಮಾತ್ರ ಅನರ್ಥಗಳು ನುಸುಳುತ್ತವೆ. ಈ 30ನೆಯ ಬಗೆಯನ್ನೇ ನೋಡಿ. ದೀರ್ಘವಾದ ಕೆಲಸವಾದರೆ ನಡುನಡುವೆ ಅವಧಿಗೊಂದರಂತೆ ಚೀಟಿ ಹುಟ್ಟುತ್ತದೆ, ಕೆಲಸದ ಪ್ರತಿಯೊಂದು ಹಂತ ಮುಗಿದಾಗ ಆ ಹಂತದ ಮೊತ್ತದ ಚೀಟಿ ಹುಟ್ಟುತ್ತದೆ, ಇಡೀ ಕೆಲಸ ಮುಗಿದಾಗ ಎಲ್ಲದರ ಮೊತ್ತದ ಚೀಟಿ ಹುಟ್ಟುತ್ತದೆ. ಮೂರೂ ನಿಜವೇ. ಆದರೆ ಅರಿಯದ ಕೈಯೊಂದು ಮೂರನ್ನೂ ಕೂಡಿಸಿತೆಂದರೆ, ಒಂದೇ ಗಾಡಿಯ ಕಬ್ಬನ್ನು ಹೊರೆಯ ಲೆಕ್ಕದಲ್ಲಿ ಒಮ್ಮೆ, ಟ್ರೇಲರಿನ ಲೆಕ್ಕದಲ್ಲಿ ಒಮ್ಮೆ, ಗಾಡಿಯ ಲೆಕ್ಕದಲ್ಲಿ ಇನ್ನೊಮ್ಮೆ ತೂಗಿದಂತಾಗಿ ಬಾಡಿಗೆ ಮೂರು ಪಟ್ಟಾಗುತ್ತದೆ.

ಇನ್ನು ಸಾಗಣೆಯ ಅಪಾಯ. ಚೀಟಿಗಳು ತುಂಬಿದ ಕಡತವನ್ನು ಬರಿದು ಮಾಡಿ ಬೇರೆಡೆಗೆ ಒಯ್ಯುವ ಕಾರ್ಯ ದಿನಕ್ಕೆ ಹಲವು ಬಾರಿ ನಡೆಯುತ್ತದೆ. ಹೀಗೆ ಒಯ್ಯುವಾಗ ಮೊದಲಲ್ಲಿ ಒಂದು 2ನೆಯ ಬಗೆಯ ಚೀಟಿ, ಕೊನೆಯಲ್ಲಿ ಒಂದು 3ನೆಯ ಬಗೆಯ ಚೀಟಿ ಸೇರುತ್ತವೆ. ತಲೆಯಿದ್ದು ಬಾಲವಿಲ್ಲದಿದ್ದರೆ ನಡುವೆ ಏನೋ ಕಳೆದುಹೋಗಿದೆಯೆಂದು ಶಂಕಿಸಬೇಕು. ಅದೇ ಕಡತ ಎರಡು ಬಾರಿ ಲೆಕ್ಕಕ್ಕೆ ಸೇರಿತೇ ಎಂಬುದನ್ನೂ ನೋಡಬೇಕು. ಇಲ್ಲವಾದರೆ ಯಾವುದೋ ವಿಭಾಗ ಮಾಡದ ಕೆಲಸಕ್ಕೆ ದುಡ್ಡು ತೆರುತ್ತದೆ. ಎಲ್ಲಕ್ಕಿಂತ ಸ್ವಾರಸ್ಯಕರವಾದದ್ದು 7ನೆಯ ಬಗೆ. ಚೀಟಿ ಇಡಲು ಸ್ಥಳವೇ ಇಲ್ಲದೆ ಹೋದಾಗ ಯಂತ್ರವು ಬಿದ್ದುಹೋದ ಚೀಟಿಗಳನ್ನು ಎಣಿಸುತ್ತಿರುತ್ತದೆ. ಸ್ಥಳ ದೊರೆತೊಡನೆ, ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಇಷ್ಟು ಚೀಟಿಗಳು ನಷ್ಟವಾದುವೆಂದು 7ನೆಯ ಬಗೆಯಲ್ಲಿ ಒಪ್ಪಿಕೊಳ್ಳುತ್ತದೆ. ಏನು ನಷ್ಟವಾಯಿತೆಂದು ಹೇಳದು, ಎಷ್ಟು ಎಂದು ಮಾತ್ರ ಹೇಳುತ್ತದೆ. ಈ ಮಟ್ಟದ ಪ್ರಾಮಾಣಿಕತೆ ಮನುಷ್ಯರ ದಫ್ತರಗಳಲ್ಲಿ ಸುಲಭವಾಗಿ ಸಿಗುವುದಿಲ್ಲ.

ಹೀಗಾಗಿ ದಿನದ ಪರಿಶೀಲನೆಯೆಂದರೆ ಬರಿಯ ಕೂಡಿಸುವಿಕೆಯಲ್ಲ. ಇಪ್ಪತ್ನಾಲ್ಕು ಗಂಟೆಗಳಲ್ಲಿ ಯಾವ ಗಂಟೆಯಾದರೂ ಖಾಲಿಯೇ? ಕಳೆದ ಮಂಗಳವಾರಗಳೊಡನೆ ಈ ಮಂಗಳವಾರ ಹೊಂದುತ್ತದೆಯೇ? ಲೆಕ್ಕದ ಸಂಖ್ಯೆಯೇ ಇಲ್ಲದ, ಇಲ್ಲವೆ ಎಂದೋ ಮುಚ್ಚಿಹೋದ ವಿಭಾಗದ ಸಂಖ್ಯೆ ಹೊತ್ತ ಕೆಲಸಗಳು ಎಷ್ಟು? ಇಂಥವನ್ನು ಅನಾಮತ್ತು ಖಾತೆಯಲ್ಲಿ ಇಡುತ್ತಾರೆ. ಇಂದಿನ ಅನಾಮತ್ತಿಗೆ ಇಂದೇ ಒಡೆಯನನ್ನು ಹುಡುಕಿದರೆ ಯಾರೋ ಒಬ್ಬರು, ಅದು ನಮ್ಮದೇ ಕೆಲಸ, ನಿನ್ನೆ ರಾತ್ರಿ ಅವಸರದಲ್ಲಿ ಸಂಖ್ಯೆ ತಪ್ಪಿತೆಂದು ಒಪ್ಪುತ್ತಾರೆ. ತಿಂಗಳು ಕಳೆದ ಮೇಲೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಒಡೆಯನಿಲ್ಲದ ಖರ್ಚು ಎಲ್ಲರ ತಲೆಯ ಮೇಲೆ ಹಂಚಿಹೋಗುತ್ತದೆ. ಮಾಸಿಕ ಲೆಕ್ಕವನ್ನು ಮಾಸಾಂತ್ಯಕ್ಕೆ ನೋಡಿದರಾಯಿತು ಎನ್ನುವವರ ವಾದ ನಿಲ್ಲದಿರುವುದು ಇಲ್ಲಿಯೇ.

ಒಡೆಯನಿಲ್ಲದ ಖರ್ಚಿನ ಸಮಸ್ಯೆ ಕೃಷ್ಣಾತೀರದ ಜನರಿಗೆ ಹೊಸದಲ್ಲ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ 2008ರಿಂದ ಉಚಿತ ವಿದ್ಯುತ್ತು ದೊರೆಯುತ್ತಿದೆ. ಮೀಟರಿಲ್ಲದ ಪಂಪುಗಳು ಅಸಂಖ್ಯ. ಮೀಟರಿಲ್ಲದ ಕಡೆ ಎಷ್ಟು ಬಳಕೆಯಾಯಿತು, ತಂತಿಯಲ್ಲಿ ಎಷ್ಟು ಸೋರಿತು ಎಂಬುದನ್ನು ಅಂದಾಜಿನಿಂದಲೇ ಬೇರ್ಪಡಿಸಬೇಕು. ಮಹಾಗಣಕದಲ್ಲಿಯೂ ಹಾಗೆಯೇ. ಯಂತ್ರದ ಮೆದುಳು ದಿನದಲ್ಲಿ ಒಟ್ಟು ಎಷ್ಟು ಹೊತ್ತು ದುಡಿಯಿತೆಂದು ಬೇರೆ ಬಗೆಯ ಚೀಟಿ ತಿಳಿಸುತ್ತದೆ. ಎಲ್ಲ ಕೆಲಸಗಳ ಹೊತ್ತನ್ನು ಕೂಡಿಸಿದರೆ ಆ ಮೊತ್ತಕ್ಕಿಂತ ಕಡಿಮೆಯೇ ಬರುತ್ತದೆ. ಉಳಿದದ್ದು ಯಂತ್ರವು ತನ್ನ ಸ್ವಂತ ಸಂಸಾರವನ್ನು ನಡೆಸಲು ವ್ಯಯಿಸಿದ್ದು. ಈ ಅಂತರ ದಿನವೂ ಹೆಚ್ಚುಕಡಿಮೆ ಒಂದೇ ಇದ್ದರೆ ಚಿಂತೆಯಿಲ್ಲ. ಒಂದು ದಿನ ಹಠಾತ್ತನೆ ಹಿಗ್ಗಿದರೆ, ಚೀಟಿಗಳು ಎಲ್ಲಿಯೋ ಕಳೆದಿವೆ, ಇಲ್ಲವೆ ಲೆಕ್ಕಕ್ಕೆ ಸಿಗದೆ ಯಾರೋ ಉಣ್ಣುತ್ತಿದ್ದಾರೆ.

ದರದ ವಿಷಯ ಇನ್ನೊಂದು ಗೋಜಲು. ವೇಗದ ಯಂತ್ರದ ಒಂದು ಸೆಕೆಂಡೂ ನಿಧಾನದ ಯಂತ್ರದ ಒಂದು ಸೆಕೆಂಡೂ ಸಮವಲ್ಲವಾದ್ದರಿಂದ ಮೊದಲು ಎರಡನ್ನೂ ಒಂದೇ ಅಳತೆಗೆ ತರಬೇಕು. ಯಂತ್ರದ ವೆಚ್ಚವೋ ಹೆಚ್ಚಾಗಿ ಸ್ಥಿರ. ಬಾಡಿಗೆ ಹೆಚ್ಚಾಯಿತೆಂದು ಒಂದು ವಿಭಾಗ ಬಿಟ್ಟುಹೋದರೆ ಅದೇ ವೆಚ್ಚ ಉಳಿದವರ ನಡುವೆ ಹಂಚಿ ದರ ಮತ್ತೂ ಏರುತ್ತದೆ. ಅದನ್ನು ಕಂಡು ಇನ್ನೊಬ್ಬರು ಹೊರಡುತ್ತಾರೆ. ಲೆಕ್ಕದಲ್ಲಿ ನಂಬಿಕೆ ಕೆಟ್ಟರಂತೂ ಈ ಗುಳೇ ಬೇಗನೆ ಆರಂಭವಾಗುತ್ತದೆ.

ಹಂಚಿದ ಪಾಲು ಸಾಲದವರು ಯಂತ್ರದ ಕಾಲವನ್ನು ಕದ್ದದ್ದೂ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕ ವಿದ್ಯಾರ್ಥಿ, ತನ್ನ ಪಾಲಿನ ಗಂಟೆಗಳು ಸಾಲದೆ, ಎಲ್ಲರ ಗುಪ್ತಪದಗಳಿದ್ದ ಕಡತವನ್ನೇ ಮುದ್ರಿಸಿಕೊಂಡು ಇತರರ ಹೆಸರಿನಲ್ಲಿ ಯಂತ್ರವನ್ನು ಬಳಸಿದನು.

ಆದರೆ ಬಾಡಿಗೆ ಲೆಕ್ಕದ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವಾದ ಪ್ರಸಂಗ 1986ರದು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಶಾಲೆಯಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿ ಗಣಕ ವಿಭಾಗಕ್ಕೆ ಹೊಸದಾಗಿ ಬಂದಿದ್ದರು. ಅಲ್ಲಿದ್ದವು ಮೇನ್‌ಫ್ರೇಮುಗಳಲ್ಲ, ಅದಕ್ಕಿಂತ ಚಿಕ್ಕ ಯಂತ್ರಗಳು. ಆದರೆ ಬಾಡಿಗೆಯ ಪದ್ಧತಿ ಇದೇ. ಬಳಕೆಯನ್ನು ಎರಡು ಬೇರೆ ಬೇರೆ ಲೆಕ್ಕಕ್ರಮಗಳು ಅಳೆಯುತ್ತಿದ್ದು, ಅವುಗಳ ಮೊತ್ತದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡಿತು. ಒಂದು ಡಾಲರೂ ಅಲ್ಲ! ಸುಮಾರು 9 ಸೆಕೆಂಡುಗಳ ಕಾಲಕ್ಕೆ ಯಾರೂ ಬಾಡಿಗೆ ಕೊಟ್ಟಿರಲಿಲ್ಲ. ಇದು ಪೈಸೆಗಳ ಪೂರ್ಣಾಂಕದ ತಪ್ಪಿರಬಹುದೆಂದು ಕೈಬಿಡುವುದು ಸಹಜವಾಗಿತ್ತು. ಹೊಸಬರಾದ್ದರಿಂದಲೋ ಏನೋ, ಸ್ಟಾಲ್ ಕೈಬಿಡಲಿಲ್ಲ. ಬಾಡಿಗೆ ಕಳಿಸಬೇಕಾದ ವಿಳಾಸವೇ ಇಲ್ಲದ ಒಬ್ಬ ಬಳಕೆದಾರನ ಹೆಸರು ಅವರ ಕಣ್ಣಿಗೆ ಬಿತ್ತು. ಆ ಎಳೆಯನ್ನು ಹಿಡಿದು ತಿಂಗಳುಗಟ್ಟಲೆ ಕಾದಾಗ ತಿಳಿದದ್ದೇನೆಂದರೆ, ಯಾರೋ ಪ್ರಯೋಗಶಾಲೆಯ ಯಂತ್ರವನ್ನು ಮೆಟ್ಟಿಲಾಗಿ ಮಾಡಿಕೊಂಡು ಅಮೆರಿಕದ ಸೈನಿಕ ಗಣಕಗಳೊಳಗೆ ಇಣುಕುತ್ತಿದ್ದನು. ಸ್ಟಾಲ್ ಹುಸಿ ಕಡತಗಳ ಆಮಿಷವೊಡ್ಡಿ ಅವನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದರು. ದೂರವಾಣಿಯ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರವನ್ನು ಮುಟ್ಟಿತು. ಮಾರ್ಕುಸ್ ಹೆಸ್ ಎಂಬ ಆ ವ್ಯಕ್ತಿಯೂ ಅವನ ಸಂಗಡಿಗರೂ ಕದ್ದ ಮಾಹಿತಿಯನ್ನು ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರುತ್ತಿದ್ದರು. 1990ರಲ್ಲಿ ನ್ಯಾಯಾಲಯ ಅವರನ್ನು ಅಪರಾಧಿಗಳೆಂದು ತೀರ್ಮಾನಿಸಿತು.

ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತು ಇಂಥ ಲೆಕ್ಕ ನೋಡುವವರಿಗೆ ಗೂಢಚಾರರು ಸಿಗುವುದು ಅಪರೂಪ. ಅವರಿಗೆ ಸಿಗುವುದು ಗಡಿಯಾರ. ನ್ಯೂಯಾರ್ಕಿನಲ್ಲಿ ನಡುರಾತ್ರಿ ಕಳೆದು ದಿನದ ಲೆಕ್ಕ ಮುಚ್ಚುವಾಗ ಇಲ್ಲಿ ಬೆಳಗಿನ ಹತ್ತರ ಆಸುಪಾಸು. ಹೀಗಾಗಿ ಅಲ್ಲಿಯವರು ಏಳುವ ಮೊದಲೇ ಇಲ್ಲಿ ತಾಳೆ ನೋಡಿ ಮುಗಿಸಬಹುದು. ಆದರೆ ಆ ದೇಶದವರು ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೂಡುತ್ತಾರೆ, ನವೆಂಬರಿನ ಮೊದಲನೆಯ ಭಾನುವಾರ ಹಿಂದಕ್ಕೆ ತಿರುಗಿಸುತ್ತಾರೆ. ಚೀಟಿಯ ಮೇಲೆ ಬೀಳುವುದು ಸ್ಥಳೀಯ ವೇಳೆ. ಒಂದು ದಿನ ರಾತ್ರಿ ಎರಡರಿಂದ ಮೂರರವರೆಗಿನ ಗಂಟೆ ಖಾಲಿ. ಇನ್ನೊಂದು ದಿನ ಒಂದರಿಂದ ಎರಡರವರೆಗಿನ ಗಂಟೆ ಎರಡು ಬಾರಿ ಬಂದು, ಕಡತ ಎರಡು ಸಲ ಸೇರಿತೇನೋ ಎಂಬ ಭ್ರಮೆ ಹುಟ್ಟುತ್ತದೆ. ಗಡಿಯಾರ ತಿರುಗಿಸುವ ಪದ್ಧತಿಯೇ ಇಲ್ಲದ ನಾಡಿನಿಂದ ಬಂದ ಹೊಸ ನೌಕರನಿಗೆ ಆ ಎರಡು ಭಾನುವಾರಗಳನ್ನು ಪಂಚಾಂಗದಲ್ಲಿ ಗುರುತು ಹಾಕಿಟ್ಟುಕೊಳ್ಳುವಂತೆ ಹಿರಿಯರು ಮೊದಲ ವಾರದಲ್ಲೇ ಹೇಳಿಬಿಡುವುದು ಒಳ್ಳೆಯದು.