ಹಾಲಿನ ವರ್ತನೆಯೂ ಮನೆಯ ಪನೀರೂ

ಹಾಲು ಉಕ್ಕಿದರೆ ಶುಭ, ಒಡೆದರೆ ಅಶುಭವೆಂದು ನಂಬಿ ಬಂದವರು ನಾವು. ಹೊಸ ಮನೆಯ ಒಲೆಯ ಮೇಲೆ ಮೊತ್ತಮೊದಲು ಹಾಲನ್ನೇ ಉಕ್ಕಿಸುವ ಜನರಿಗೆ, ಒಳ್ಳೆಯ ಹಾಲಿಗೆ ಬೇಕೆಂದೇ ಹುಳಿ ಹಿಂಡಿರೆಂದು ಹೇಳಹೊರಡುವುದು ವಿಪರೀತವಾಗಿ ತೋರೀತು. ಆದರೂ ಆ ಮಾತನ್ನು ಇಂದು ಹೇಳಬೇಕಾಗಿದೆ. ಮನೆಯಲ್ಲಿ ಹಾಲನ್ನು ಒಡೆಯಲು ಹೇಸುವ ನಾವೇ ಅಂಗಡಿಯ ಪನೀರನ್ನು ತಂದು, ಅದು ಯಾವ ಹಾಲಿನದೆಂದು ವಿಚಾರಿಸದೆ ಮಕ್ಕಳಿಗೆ ಬಡಿಸುತ್ತಿದ್ದೇವೆ.

ಹೋಟೆಲುಗಳಲ್ಲಿ ದುಡಿಯುವ ಬಂಧುಗಳಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಹಾಲಿನ ಜಿಡ್ಡಿಗೆ ಬದಲಾಗಿ ಅಗ್ಗದ ಎಣ್ಣೆಯನ್ನು ಸೇರಿಸಿದ, ಕಣ್ಣಿಗೆ ಪನೀರಿನಂತೆಯೇ ಕಾಣುವ ಪದಾರ್ಥ ಪೇಟೆಯಲ್ಲಿದೆ. ಸಾಧಾರಣ ಪನೀರಿನಿಂದ ನೀರಿನಂಶವನ್ನು ಕಳೆದರೆ, ಉಳಿದ ಭಾಗದಲ್ಲಿ ನೂರಕ್ಕೆ 50ಕ್ಕೆ ಕಡಿಮೆಯಿಲ್ಲದಷ್ಟು ಹಾಲಿನ ಜಿಡ್ಡಿರಬೇಕೆಂಬುದು ನಮ್ಮ ದೇಶದ ಆಹಾರ ನಿಯಮ. ಅನ್ಯ ಎಣ್ಣೆಯ ಸರಕನ್ನು ಪನೀರೆಂಬ ಹೆಸರಿನಿಂದ ಮಾರಕೂಡದು. ಆದರೆ ಪೊಟ್ಟಣದ ಮೇಲೆ ಅಚ್ಚಾದುದು ತಟ್ಟೆಯವರೆಗೆ ಬರುವುದಿಲ್ಲ. ಗಲ್ಲೆಯ ಮೇಲೆ ಕುಳಿತಿದ್ದ ಕಾಲದಲ್ಲಿ ನಾವೂ ಅಗ್ಗವೆಂದು ಅಂಥ ಸರಕನ್ನು ಕೊಂಡವರೇ. “ಸ್ವಾಮಿ, ಇದರಲ್ಲಿ ಹಾಲಿನ ವಾಸನೆಯೇ ಇಲ್ಲವಲ್ಲ” ಎಂದು ಅಡುಗೆಯ ಭಟ್ಟರು ಹೇಳಿದಾಗ, ಗಿರಾಕಿಗೆ ತಿಳಿಯದೆಂದು ಸುಮ್ಮನಾದೆವು. ಆ ಮೌನದ ಋಣವನ್ನು ಕಿಂಚಿತ್ತಾದರೂ ತೀರಿಸುವ ಉದ್ದೇಶ ಈ ಬರಹಕ್ಕಿದೆ.

ದೋಷವನ್ನೆಲ್ಲ ಮಾರುವವನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಹಾಲಿನವನ ಕಷ್ಟವನ್ನು ಎಷ್ಟು ಮಂದಿ ಬಲ್ಲೆವು? ಎಮ್ಮೆಗಳು ಬಹುಮಟ್ಟಿಗೆ ಮಳೆಗಾಲದ ಕೊನೆಗೂ ಚಳಿಗಾಲಕ್ಕೂ ಈಯುತ್ತವೆ. ಆದಕಾರಣ ಚಳಿಗಾಲದಲ್ಲಿ ಹಾಲು ಸಮೃದ್ಧ. ಬೇಸಗೆಯಲ್ಲಿ ಹಸಿಮೇವೂ ಇಲ್ಲ, ಹಾಲೂ ಇಲ್ಲ. ನಾವಾದರೋ ವರ್ಷದ ಎಲ್ಲ ದಿನವೂ ಒಂದೇ ಅಳತೆಯನ್ನು ಕೇಳುತ್ತೇವೆ. ಚಳಿಗಾಲದಲ್ಲಿ ಮಿಕ್ಕ ಹಾಲನ್ನು ಬೇಡವೆಂದು ಹಿಂದಕ್ಕೆ ಕಳುಹಿಸಿ, ವೈಶಾಖದಲ್ಲಿ ಸಾಲದ ಹಾಲಿಗಾಗಿ ಗದರಿಸಿದರೆ, ಆತನು ಕೊಳಾಯಿಯ ಮೊರೆಹೊಗದೆ ಏನು ಮಾಡಿಯಾನು? ನೀರು ಬೆರೆಸುವುದು ತಪ್ಪೇ ಸರಿ. ಆ ತಪ್ಪಿನಲ್ಲಿ ನಮ್ಮದೂ ಒಂದು ಪಾಲಿದೆ.

ಇದಕ್ಕೆ ಪರಿಹಾರ ನಮ್ಮ ಹಿರಿಯರ ವರ್ತನೆಯ ಪದ್ಧತಿಯಲ್ಲಿಯೇ ಇದೆ. ಇಂತಹ ಮನೆಗೆ ಇಂತಹವರ ಹಾಲೆಂದು ನಿಶ್ಚಯವಾಗಿ, ತಿಂಗಳ ಕೊನೆಗೆ ಲೆಕ್ಕವಾಗುತ್ತಿತ್ತು. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದಲ್ಲಿ 1986ರಲ್ಲಿ ಆರಂಭವಾದ ಟೆಂಪಲ್-ವಿಲ್ಟನ್ ಸಮುದಾಯ ತೋಟದವರು ಇದನ್ನೇ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ತೋಟದ ವರ್ಷದ ಖರ್ಚನ್ನು ಸದಸ್ಯ ಕುಟುಂಬಗಳು ತಮ್ಮ ಶಕ್ತ್ಯನುಸಾರ ಹಂಚಿಕೊಳ್ಳುತ್ತವೆ. ಬಂದುದು ಹೆಚ್ಚಾದರೂ ಕಡಿಮೆಯಾದರೂ ಅದರಲ್ಲಿ ಪಾಲುಗೊಳ್ಳುತ್ತವೆ. ಜಪಾನಿನಲ್ಲಿ ‘ತೇಯ್ಕೇ’ ಎಂಬ ಹೆಸರಿನ ಇಂಥದೇ ಒಡಂಬಡಿಕೆ 1970ರ ದಶಕದಿಂದ ಬೆಳೆದು ಬಂದಿದೆ. ನಮ್ಮ ದೇಶದಲ್ಲಿ 1946ರಲ್ಲಿ ಖೇಡಾ ಜಿಲ್ಲೆಯ ರೈತರು ಒಕ್ಕೂಟ ಕಟ್ಟಿ ಹಾಲು ಮಾರುವವರ ಬಲವೇನೆಂಬುದನ್ನು ತೋರಿಸಿಕೊಟ್ಟರು. ಹಾಲು ಕುಡಿಯುವ ನಾವು ಮಾತ್ರ ಇನ್ನೂ ಒಬ್ಬೊಬ್ಬರಾಗಿಯೇ ಉಳಿದಿದ್ದೇವೆ.

ಲಿಂಗಂಪಲ್ಲಿಯಲ್ಲಿರುವ ಕನ್ನಡಿಗರಿಗೆ ಈ ಕಾರ್ಯ ಅಸಾಧ್ಯವಲ್ಲ. ಬೀದರದ ರೈಲು ನಮ್ಮ ನಿಲ್ದಾಣವನ್ನು ದಾಟಿ, ವಿಕಾರಾಬಾದು, ಜಹೀರಾಬಾದುಗಳ ಮಾರ್ಗವಾಗಿ ಹೋಗುತ್ತದೆ. ಹಿಂದೆ ಬೀದರ ಜಿಲ್ಲೆಗೆ ಸೇರಿದ್ದು 1956ರಲ್ಲಿ ಮೇದಕಕ್ಕೆ ಹೋದ ಜಹೀರಾಬಾದು ಇಂದು ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಆ ಸೀಮೆಯಲ್ಲಿ ಕನ್ನಡ ಇನ್ನೂ ಮನೆಮಾತಾಗಿದೆ. ಅಷ್ಟು ದೂರ ಹೋಗಲೂ ಬೇಕಾಗಿಲ್ಲ. ಸಮೀಪದ ಹಳ್ಳಿಗಳಲ್ಲಿಯೂ ಎಮ್ಮೆ ಸಾಕುವವರಿದ್ದಾರೆ. ಹತ್ತು ಮನೆಗಳು ಸೇರಿ, ಎರಡು ತಿಂಗಳ ಹಣವನ್ನು ಮುಂಗಡವಾಗಿ ಕೊಟ್ಟು, ಬೇಸಗೆಯ ಕೊರತೆಯನ್ನೂ ಚಳಿಗಾಲದ ಹೆಚ್ಚಳವನ್ನೂ ಒಪ್ಪಿಕೊಂಡರೆ ಸಾಕು. ಲೆಕ್ಕ ಬರೆಯಲು ನಮ್ಮಲ್ಲಿ ಗುಮಾಸ್ತರಿಗೆ ಕೊರತೆಯೇ?

ಚಳಿಗಾಲದ ಆ ಹೆಚ್ಚು ಹಾಲಿಗೇ ಪನೀರು. ವಾರದ ರಜೆಯ ದಿನ ಹಾಲನ್ನು ಚೆನ್ನಾಗಿ ಕುದಿಸಿ, ಒಲೆಯಿಂದಿಳಿಸಿ, ಕೊಂಚ ಆರಿದ ಮೇಲೆ ನಿಂಬೆಯ ರಸವನ್ನು ನೀರಿನಲ್ಲಿ ಬೆರೆಸಿ ಸ್ವಲ್ಪಸ್ವಲ್ಪವಾಗಿ ಹಾಕುತ್ತ ಮೆಲ್ಲನೆ ಕದಡಬೇಕು. ನೀರು ತಿಳಿಯಾಗಿ ಹಸುರುಛಾಯೆಗೆ ತಿರುಗಿದೊಡನೆ ಹುಳಿಯನ್ನು ನಿಲ್ಲಿಸಬೇಕು. ಹೆಚ್ಚಾದರೆ ಪನೀರು ಗಡುಸಾಗುತ್ತದೆ. ತೆಳುಬಟ್ಟೆಯಲ್ಲಿ ಸೋಸಿ, ಭಾರವನ್ನಿಟ್ಟು ಒತ್ತಿ, ತಣ್ಣೀರಿನಲ್ಲಿ ಮುಳುಗಿಸಿದರೆ ಗಟ್ಟಿಗೊಳ್ಳುತ್ತದೆ. ಉಳಿದ ನೀರನ್ನು ಚೆಲ್ಲದೆ ಚಪಾತಿಯ ಹಿಟ್ಟಿಗೂ ಸಾರಿಗೂ ಬಳಸಬಹುದು. ಹಳ್ಳಿಯ ಹಾಲೆಂಬ ಮೋಹದಿಂದ ಕಾಯಿಸದ ಹಾಲನ್ನು ಮಾತ್ರ ಯಾರೂ ಉಪಯೋಗಿಸಕೂಡದು. ಕ್ಷಯವೂ ಬ್ರುಸೆಲ್ಲೋಸಿಸ್ ಎಂಬ ಜ್ವರವೂ ಅದರಿಂದ ಅಂಟುವ ಸಂಭವವುಂಟು.

ಇದರಿಂದ ಹಣ ಉಳಿಯುವುದೇ ಎಂದು ಕೆಲವರು ಕೇಳಿಯಾರು. ಉಳಿಯುವುದೆಂದು ನಾವು ಹೇಳುವುದಿಲ್ಲ. ಒಳ್ಳೆಯ ಎಮ್ಮೆಯ ಹಾಲು ಒಂದು ಲೀಟರಿಗೆ ಸುಮಾರು 200 ಗ್ರಾಂ ಪನೀರನ್ನು ಕೊಡುತ್ತದೆ. ಎಂದರೆ ಒಂದು ಕಿಲೋಗೆ ಐದು ಲೀಟರು. ಹಸುವಿನ ಹಾಲಾದರೆ ಇನ್ನೂ ಹೆಚ್ಚು ಬೇಕು. ಐದು ಲೀಟರು ಎಮ್ಮೆಯ ಹಾಲಿನ ಬೆಲೆಗಿಂತಲೂ ಅಗ್ಗವಾಗಿ ಕಿಲೋ ಪನೀರು ದೊರೆಯುವಲ್ಲಿ ಸಂದೇಹಪಡುವುದು ವಿಹಿತ. ಹೋಟೆಲಿನ ಯಜಮಾನರೂ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ. ನಾವು ಆ ಕಾಲದಲ್ಲಿ ಹಾಕಲಿಲ್ಲ.

ಬೇಸಗೆಯಲ್ಲಿ ಹಾಲು ಕಡಿಮೆಯಾದಾಗ ಮುಂಗಡ ಕೊಟ್ಟವರ ತಾಳ್ಮೆಗೆ ಪರೀಕ್ಷೆಯಾಗುವುದು. ಮೊದಲ ವರ್ಷವೇ ನಾಲ್ಕು ಮನೆಗಳು ಬಿಟ್ಟುಹೋದರೆ ಯೋಜನೆ ಮುರಿಯುತ್ತದೆ. ನಂಬಿ ಎಮ್ಮೆ ಕಟ್ಟಿದ ರೈತನೂ ಕೆಡುತ್ತಾನೆ. ಆದುದರಿಂದ ನಿಲ್ಲಬಲ್ಲೆವೆಂಬವರು ಮಾತ್ರ ಸೇರಲಿ. ಬರುವ ಚಳಿಗಾಲಕ್ಕೆ ಮುಂಚೆ ಅಂಥ ಹತ್ತು ಮನೆಗಳು ಮುಂದೆ ಬಂದರೆ ಹನ್ನೊಂದನೆಯದು ನಮ್ಮದು.